ಫಿರಂಗಿ ಎಳೆದ ಎತ್ತುಗಳ ದಾರಿಯಲ್ಲಿ

ಹಿರೀಸಾವೆಯಿಂದ ಬೆಳಿಗ್ಗೆ ಹೊರಟು ರಾತ್ರಿಯೊಳಗೆ ಮನೆ ಸೇರುವಷ್ಟೇ ದೂರ ಶ್ರೀರಂಗಪಟ್ಟಣ. ಬಲ್ಲ ಗೈಡ್ ಒಬ್ಬರು ಜೊತೆಗಿದ್ದರೆ ಹತ್ತು ಸಲ ನೋಡಿದ ಊರೂ ಬೇರೆಯಾಗಿ ಕಾಣುತ್ತದೆ.

ಹಿರೀಸಾವೆ ಸುತ್ತಿನವರಿಗೆ ಶ್ರೀರಂಗಪಟ್ಟಣ ಗೊತ್ತಿಲ್ಲದ ಊರೇನಲ್ಲ. ಶಾಲೆಯಲ್ಲಿದ್ದಾಗ ಪ್ರವಾಸಕ್ಕೆ, ಮದುವೆಯಾದ ಹೊಸದರಲ್ಲಿ ನಿಮಿಷಾಂಬ ದರ್ಶನಕ್ಕೆ, ಮನೆಯ ಹಿರಿಯರು ಹೋದಾಗ ಅಸ್ಥಿ ಬಿಡಲು ಸಂಗಮಕ್ಕೆ ಹೋಗಿಯೇ ಇರುತ್ತಾರೆ. ನೋಡುವ ಕ್ರಮವೂ ಕಟ್ಟಿಟ್ಟದ್ದು: ರಂಗನಾಥಸ್ವಾಮಿ ಗುಡಿ, ದರಿಯಾ ದೌಲತ್, ಗುಂಬಜ್, ಸಂಗಮದಲ್ಲಿ ಬುತ್ತಿ, ಸಂಜೆಗೆ ಕೆಆರ್‌ಎಸ್‌ ದೀಪ. ನಡುವೆ ಎಲ್ಲೋ ಬಸ್ಸು ನಿಲ್ಲಿಸಿ 'ಟಿಪ್ಪು ಸತ್ತ ಜಾಗ, ಬೇಗ ನೋಡ್ಕೊಂಡ್ ಬನ್ನಿ' ಅನ್ನುತ್ತಾರೆ. ಮಕ್ಕಳು ಓಡಿಹೋಗಿ ಕಲ್ಲು ನೋಡಿ ಓಡಿ ಬರುತ್ತಾರೆ. ಅವನು ಅಲ್ಲೇ ಯಾಕೆ ಸತ್ತ, ಶತ್ರು ಯಾವ ಕಡೆಯಿಂದ ಬಂದ, ಅದು ಮೇ ತಿಂಗಳಲ್ಲೇ ಯಾಕೆ ಆಯಿತು ಎಂದು ಹೇಳುವವರೂ ಇರುವುದಿಲ್ಲ, ಕೇಳುವವರೂ ಇರುವುದಿಲ್ಲ.

ಹಾಗಾಗಿ ಬೇಸಿಗೆ ರಜೆಯ ಒಂದು ಭಾನುವಾರ ನಾವು ಕೆಲವರು ಸೇರಿ ಬರೀ ಯುದ್ಧದ ಜಾಗಗಳನ್ನು ನೋಡುವುದೆಂದು ಒಂದು ಟಿಟಿ ಮಾಡಿಕೊಂಡು ಹೊರಟೆವು. ನಿವೃತ್ತ ಮೇಷ್ಟ್ರೊಬ್ಬರು ಮುಂದಾಳು. ಸ್ತ್ರೀಶಕ್ತಿ ಸಂಘದ ನಾಲ್ಕಾರು ಹೆಂಗಸರು, ರಜೆಗೆ ಬಂದ ಮಕ್ಕಳು, ಬೂಕನಬೆಟ್ಟದ ದನಗಳ ಜಾತ್ರೆಗೆ ವರ್ಷ ತಪ್ಪದೆ ಹಳ್ಳಿಕಾರ್ ಜೋಡಿ ಕಟ್ಟುವ ಹಿರಿಯರೊಬ್ಬರು. ಮೇಷ್ಟ್ರ ಷರತ್ತು ಎರಡೇ: ಅಂಗಡಿ ಮುಂದೆ ಗಾಡಿ ನಿಲ್ಲುವಂತಿಲ್ಲ, ಗೈಡ್ ಮಾತಾಡುವಾಗ ಮೊಬೈಲ್ ತೆಗೆಯುವಂತಿಲ್ಲ.

ಫೋನಿನಲ್ಲಿ ಗೊತ್ತು ಮಾಡಿದ್ದ ಗೈಡ್ 'ಶ್ರೀರಂಗಪಟ್ಟಣಕ್ಕೆ ಬಂದ್ಮೇಲೆ ಸಿಕ್ತೀನಿ' ಅನ್ನಲಿಲ್ಲ. 'ನಾಗಮಂಗಲದಲ್ಲೇ ಹತ್ಕೋತೀನಿ ಸಾರ್. ಯುದ್ಧ ಶುರುವಾಗೋದೇ ಆ ಕಡೆಯಿಂದ' ಅಂದರು. ದಿನ ವ್ಯರ್ಥವಾಗುವುದಿಲ್ಲ ಎಂಬ ನಂಬಿಕೆ ಬಂದದ್ದು ಆಗಲೇ.

ನಮ್ಮ ದಾರಿಯೇ ದಂಡಿನ ದಾರಿ

ಹಿರೀಸಾವೆಯಿಂದ ಹೆದ್ದಾರಿಯಲ್ಲಿ ಮೂಡಲಿಗೆ ಹೋಗಿ, ಬೆಳ್ಳೂರು ಕ್ರಾಸಿನಲ್ಲಿ ಬಲಕ್ಕೆ ತಿರುಗಿದರೆ ನಾಗಮಂಗಲ, ಜಕ್ಕನಹಳ್ಳಿ ಕ್ರಾಸ್, ಪಾಂಡವಪುರ, ಶ್ರೀರಂಗಪಟ್ಟಣ. ಗಾಡಿ ಓಡಿಸುವವರಿಗೆ ಇದು ಮೈಸೂರಿಗೆ ಹೋಗುವ ಅಡ್ಡದಾರಿ. ಹದಿನೆಂಟನೇ ಶತಮಾನದಲ್ಲಿ ಇದೇ ಸೀಮೆಯ ಮೇಲೆ ದಂಡುಗಳು ಮತ್ತೆ ಮತ್ತೆ ಹಾದುಹೋದವು.

ಮೊದಲು ಮರಾಠರು. 1771ರ ಮಾರ್ಚ್‌ನಲ್ಲಿ ತ್ರ್ಯಂಬಕರಾಯನ ಮರಾಠಾ ಸೈನ್ಯ ಮೇಲುಕೋಟೆಯ ಬಳಿ ಹೈದರಾಲಿಯನ್ನು ಸುತ್ತುಗಟ್ಟಿತು. ಬೆಟ್ಟದ ಆಸರೆ ಬಿಟ್ಟು ರಾತ್ರೋರಾತ್ರಿ ಶ್ರೀರಂಗಪಟ್ಟಣ ಸೇರಿಕೊಳ್ಳಲು ಹೈದರ್ ಹೊರಟ. ಚಿನಕುರಳಿಯ ಬಳಿ ಸಿಕ್ಕಿಬಿದ್ದ. ಫಿರಂಗಿ, ಸಾಮಾನು ಸರಂಜಾಮು ಎಲ್ಲ ಹೋಯಿತು. ಅವನೂ ಮಗ ಟಿಪ್ಪುವೂ ಜೀವ ಉಳಿಸಿಕೊಂಡು ಕೋಟೆ ಸೇರಿದ್ದೇ ಹೆಚ್ಚು. ಗೆದ್ದ ದಂಡು ಮೇಲುಕೋಟೆಯನ್ನು ಸೂರೆ ಮಾಡಿತು. ಮರಾಠರ ಈ ಹಾವಳಿಯ ಗುರುತು ನಮ್ಮ ತಾಲ್ಲೂಕು ಕೇಂದ್ರದಲ್ಲೇ ಇದೆ: ಚನ್ನರಾಯಪಟ್ಟಣದ ಹಳೆಯ ಕೋಟೆಗೆ ನೀರಿನ ಕಂದಕವನ್ನೂ ಅಡ್ಡಗೋಡೆಯ ಬಾಗಿಲುಗಳನ್ನೂ ಹೈದರ್ ಕಟ್ಟಿಸಿದ್ದು ಅವರ ದಾಳಿಗೆ ಅಂಜಿಯೇ. ನಾಗಮಂಗಲಕ್ಕೂ ಅದೇ ಗತಿ. 1792ರಲ್ಲಿ ಪರಶುರಾಮ ಭಾವುವಿನ ಸೈನ್ಯ ಆ ಊರನ್ನು ಹಾಳುಗೆಡವಿತು.

ಜಕ್ಕನಹಳ್ಳಿ ಕ್ರಾಸಿನಲ್ಲಿ ಟೀಗೆ ಇಳಿದಾಗ ಗೈಡ್ ಪಡುವಲಿಗೆ ಕೈ ತೋರಿಸಿ ಇದನ್ನೆಲ್ಲ ಹೇಳಿದರು. ಹಿರಿಯರು ಕೇಳಿದ ಪ್ರಶ್ನೆಯಿಂದಲೇ ನಮ್ಮ ಪ್ರವಾಸಕ್ಕೆ ದಾರಿ ಸಿಕ್ಕಿತು.

'ಅಲ್ಲಾ ಸಾ, ಅಷ್ಟೊಂದು ಫಿರಂಗಿ ಅಂತೀರಲ್ಲ, ಅವುನ್ನ ಎಳ್ಕಂಡ್ ಬರ್ತಿದ್ದೋರ್ ಯಾರು?'

'ಎತ್ತು ಯಜಮಾನ್ರೇ. ಅದನ್ನ ಕೇಳೋರು ಸಿಕ್ಕೋದೇ ಅಪರೂಪ.'

'ಮೇವಿಗೇನ್ ಮಾಡೋರು?'

ಗೈಡ್ ನಕ್ಕರು. 'ಅದೇ ಕತೆ. ಮೇವಿಗೆ ಏನ್ ಮಾಡಿದ್ರು ಅನ್ನೋದ್ರಲ್ಲೇ ಮೂರನೇ ಯುದ್ಧಾನೂ ಇದೆ, ನಾಲ್ಕನೇ ಯುದ್ಧಾನೂ ಇದೆ.'

ಎತ್ತು ಸತ್ತಾಗ ಗೌರ್ನರ್ ಜನರಲ್ಲೇ ಹಿಂದಿರುಗಿದ

ಇಂಗ್ಲಿಷರ ಜೊತೆಗಿನ ಮೂರನೇ ಯುದ್ಧ ಮೊದಲು. 1791ರ ಮಾರ್ಚ್ 21ರಂದು ಬೆಂಗಳೂರು ಕೋಟೆಯನ್ನು ಹಿಡಿದ ಗೌರ್ನರ್ ಜನರಲ್ ಲಾರ್ಡ್ ಕಾರ್ನ್‌ವಾಲಿಸ್ ಮೇ ತಿಂಗಳಲ್ಲಿ ಶ್ರೀರಂಗಪಟ್ಟಣದತ್ತ ಹೊರಟ. ಕೋಟೆ ಗೋಡೆ ಒಡೆಯುವ ದೊಡ್ಡ ಫಿರಂಗಿಗಳು ಜೊತೆಗಿದ್ದವು. ಸುಮಾರು 11 ಕಿಲೋ ತೂಕದ ಗುಂಡು ಹಾರಿಸುವ ಅಂಥ ಫಿರಂಗಿಯ ಕೊಳವೆಯೇ ಎರಡು ಟನ್ನಿಗೂ ಮೇಲೆ. ಒಂದೊಂದಕ್ಕೂ ಹತ್ತಾರು ಜೋಡಿ ಎತ್ತು ಮುಂದೆ ಎಳೆಯಬೇಕು, ಕೆಸರಿನಲ್ಲಿ ಹೂತರೆ ಹಿಂದಿನಿಂದ ಆನೆ ದಬ್ಬಬೇಕು. ಟಿಪ್ಪು ದಾರಿಯ ಹಳ್ಳಿಗಳನ್ನು ಖಾಲಿ ಮಾಡಿಸಿ, ಹುಲ್ಲಿನ ಬಣವೆಗೆ ಬೆಂಕಿ ಹಾಕಿಸಿದ್ದ. ಮೇ 15ರಂದು ಅರಕೆರೆಯ ಬಳಿಯ ಕಾದಾಟದಲ್ಲಿ ಕಾರ್ನ್‌ವಾಲಿಸ್ ಗೆದ್ದ. ಆದರೆ ಗೆದ್ದ ದಂಡಿಗೆ ಉಣ್ಣಲು ಅಕ್ಕಿ ಇಲ್ಲ, ಎತ್ತಿಗೆ ಹುಲ್ಲಿಲ್ಲ. ಮುಂಗಾರಿನ ಮಳೆ ಬೇರೆ ಹಿಡಿಯಿತು. ದನಗಳಿಗೆ ರೋಗ ತಗುಲಿ ಸಾಲುಸಾಲಾಗಿ ಸತ್ತವು, ಪಾಳೆಯದಲ್ಲಿ ಸಿಡುಬು ಎದ್ದಿತು.

ಕೊನೆಗೆ ಕನ್ನಂಬಾಡಿಯ ಬಳಿ, ಎಳೆಯಲು ಎತ್ತಿಲ್ಲವೆಂಬ ಒಂದೇ ಕಾರಣಕ್ಕೆ, ತಂದ ಫಿರಂಗಿಗಳನ್ನು ತಾವೇ ಒಡೆದು ಹಾಕಿ ಇಂಗ್ಲಿಷರು ಬೆಂಗಳೂರಿನತ್ತ ತಿರುಗಿದರು. ಹೊರಟ ಮೊದಲ ದಿನವೇ ಮೇಲುಕೋಟೆಯ ಕಡೆಯಿಂದ ಕುದುರೆ ಸವಾರರು ಕಾಣಿಸಿದರು. ಟಿಪ್ಪುವಿನವರೆಂದು ಬೆಚ್ಚಿ ನೋಡಿದರೆ, ಹರಿಪಂತ ಮತ್ತು ಪರಶುರಾಮ ಭಾವುವಿನ ಮರಾಠಾ ದಂಡು! ಮಿತ್ರರೇ, ಕಾಳುಕಡ್ಡಿಯನ್ನೂ ತಂದಿದ್ದಾರೆ. ನಾಲ್ಕು ದಿನ ಮೊದಲು ಬಂದಿದ್ದರೆ ಫಿರಂಗಿಗಳಾದರೂ ಉಳಿಯುತ್ತಿದ್ದವು. ಮಿತ್ರರಾದರೂ ಮರಾಠರು ಧಾನ್ಯ ಮಾರಿದ್ದು ದುಬಾರಿ ದರಕ್ಕೆ.

ಆ ಹಳೆಯ ಕನ್ನಂಬಾಡಿ ಈಗ ಕೃಷ್ಣರಾಜಸಾಗರದ ನೀರಿನಡಿ. ದೀಪದ ಬೆಳಕಿನ ಕಾರಂಜಿ ನೋಡಲು ಸಾಲುಗಟ್ಟುವ ಜನರಲ್ಲಿ, ಒಂದು ಸಾಮ್ರಾಜ್ಯದ ಸೇನೆ ಮೇವಿಲ್ಲದೆ ಸೋತದ್ದು ಇದೇ ನೀರಿನ ಆಸುಪಾಸಿನಲ್ಲಿ ಎಂದು ಬಲ್ಲವರು ಎಷ್ಟು ಮಂದಿಯೋ.

ಪೆಟ್ಟು ತಿಂದ ಕಾರ್ನ್‌ವಾಲಿಸ್ ಪಾಠ ಕಲಿತ. ಮುಂದಿನ ಸಲ ಲಂಬಾಣಿಗರ ಹೇರೆತ್ತುಗಳ ಮೇಲೆ ಧಾನ್ಯ ತರಿಸಿಕೊಂಡು ಬಂದ. 1792ರ ಫೆಬ್ರುವರಿ 6ರ ರಾತ್ರಿ ಏಕಾಏಕಿ ದಾಳಿ ಮಾಡಿ ದ್ವೀಪದೊಳಕ್ಕೆ ಕಾಲಿಟ್ಟ. ಮಾರ್ಚ್ 18ರ ಒಪ್ಪಂದದಲ್ಲಿ ಟಿಪ್ಪು ಅರ್ಧ ರಾಜ್ಯವನ್ನೂ 3 ಕೋಟಿ 30 ಲಕ್ಷ ರೂಪಾಯಿಯನ್ನೂ ಒಪ್ಪಿಸಬೇಕಾಯಿತು. ಹಣ ತೀರುವವರೆಗೆ ಇಬ್ಬರು ಎಳೆಯ ಮಕ್ಕಳನ್ನು ಒತ್ತೆ ಇಡಬೇಕಾಯಿತು. ಅಬ್ದುಲ್ ಖಾಲಿಕ್ ಮತ್ತು ಮುಯಿಜುದ್ದೀನ್ ಎಂಬ ಆ ಹುಡುಗರು ಮದರಾಸಿನಿಂದ ಮರಳಿದ್ದು 1794ರಲ್ಲಿ. ಇದನ್ನು ಕೇಳಿದ ನಮ್ಮ ಜೊತೆಯ ಹೆಂಗಸರೊಬ್ಬರು, 'ಅಯ್ಯೋ, ಮಕ್ಕಳನ್ನ ಅಡ ಇಡೋದಾ' ಎಂದು ಸೆರಗು ಬಾಯಿಗೆ ಒತ್ತಿಕೊಂಡರು.

ಪಾಂಡವಪುರ ಬಂತು. ಹೈದರ್ ಮತ್ತು ಟಿಪ್ಪುವಿನ ಬಳಿ ಕೆಲಸಕ್ಕಿದ್ದ ಫ್ರೆಂಚ್ ಪಡೆ ಬೀಡು ಬಿಟ್ಟಿದ್ದ ಊರು; ಇಂಗ್ಲಿಷರ ಬಾಯಲ್ಲಿ ಇದು ಬಹಳ ಕಾಲ 'ಫ್ರೆಂಚ್ ರಾಕ್ಸ್' ಆಗಿತ್ತು. ಕುಂತಿಬೆಟ್ಟದ ಬಂಡೆಗಳನ್ನು ಗಾಡಿಯಿಂದಲೇ ನೋಡಿ ಮುಂದೆ ಹೋದೆವು.

ಬುತ್ತಿಯ ಹೊತ್ತಿಗೆ ಬಂದ ಶತ್ರು

ಶ್ರೀರಂಗಪಟ್ಟಣದಲ್ಲಿ ಗೈಡ್ ನಮ್ಮನ್ನು ಮೊದಲು ಕರೆದೊಯ್ದದ್ದು ಗುಡಿಗೂ ಅಲ್ಲ, ಅರಮನೆಗೂ ಅಲ್ಲ. ಕೋಟೆಯ ವಾಯವ್ಯ ಮೂಲೆಗೆ. ಅಲ್ಲೊಂದು ಎತ್ತರದ ಸ್ಮಾರಕ ಕಂಬವಿದೆ. ಮುತ್ತಿಗೆಯಲ್ಲಿ ಸತ್ತ ಇಂಗ್ಲಿಷ್ ಕಡೆಯವರ ನೆನಪಿಗೆ ಮೈಸೂರು ಸರ್ಕಾರ 1907ರಲ್ಲಿ ನಿಲ್ಲಿಸಿದ್ದು. ಪಕ್ಕದಲ್ಲೇ ಗೋಡೆ ಕುಸಿದ ಜಾಗ. ಕೆಳಗೆ ಕಾವೇರಿ, ಬಂಡೆಗಳ ನಡುವೆ ಸಣ್ಣಗೆ ಹರಿಯುತ್ತಿತ್ತು.

'ಇಲ್ಲಿ ನಿಂತ್ಕೊಂಡು ಆಚೆ ದಡ ನೋಡಿ' ಅಂದರು ಗೈಡ್. 'ಅಲ್ಲಿಂದ ಫಿರಂಗಿ. ಇಲ್ಲಿ ಗೋಡೆ. ನಡುವೆ ಹೊಳೆ. ಹೊಳೇಲಿ ಎಷ್ಟು ನೀರಿತ್ತು ಅಂತೀರಾ? ಮೊಣಕಾಲಿಂದ ಸೊಂಟದವರೆಗೆ. ಒಂದು ತಿಂಗಳು ತಡವಾಗಿದ್ರೆ ಆನೇನೂ ಮುಳುಗ್ತಿತ್ತು.'

ನಾಲ್ಕನೇ ಯುದ್ಧದ, ಅಂದರೆ 1799ರ, ಲೆಕ್ಕಾಚಾರ ಪೂರಾ ಈ ಮಾತಿನಲ್ಲಿದೆ. ಇಂಗ್ಲಿಷ್ ಸೇನಾಪತಿ ಜನರಲ್ ಹ್ಯಾರಿಸ್‌ನ ದಂಡು ಫೆಬ್ರುವರಿಯಲ್ಲಿ ವೆಲ್ಲೂರಿನಿಂದ ಹೊರಟಿತು. ಹತ್ತಾರು ಸಾವಿರ ಎತ್ತುಗಳಿದ್ದ ದಂಡು, ದಿನಕ್ಕೆ ಕೆಲವೇ ಮೈಲಿ ನಡಿಗೆ. ಕೊಡಗಿನ ಕಡೆಯಿಂದ ಮುಂಬಯಿಯ ಸೈನ್ಯ ಬೇರೆ ಬರುತ್ತಿತ್ತು. ಮಾರ್ಚ್ 6ರಂದು ಸಿದ್ದೇಶ್ವರದ ಬಳಿ ಅದನ್ನು ತಡೆಯಹೋದ ಟಿಪ್ಪುವಿಗೆ ಸೋಲಾಯಿತು. ಮಾರ್ಚ್ 27ರಂದು ಮಳವಳ್ಳಿಯಲ್ಲೂ ಸೋಲು. ಹ್ಯಾರಿಸ್ ಹಿಂದಿನ ದಾರಿಯಲ್ಲೇ ಬರುತ್ತಾನೆಂದು ಟಿಪ್ಪು ಅಲ್ಲಿಯ ಮೇವನ್ನೆಲ್ಲ ಸುಡಿಸಿದ್ದ. ಹ್ಯಾರಿಸ್ ದಾರಿ ಬದಲಿಸಿ ಸೋಸಲೆಯ ಬಳಿ ಕಾವೇರಿ ದಾಟಿದ. ಆ ದಡದಲ್ಲಿ ಹುಲ್ಲು, ಕಾಳು, ದನ ಎಲ್ಲ ಹಾಗೇ ಇತ್ತು. ಕೋಟೆಯ ಅರ್ಧ ಹಣೆಬರಹ ಅಲ್ಲೇ ತೀರ್ಮಾನವಾಯಿತು ಅನ್ನಬೇಕು.

ಏಪ್ರಿಲ್ 5ಕ್ಕೆ ಕೋಟೆಯ ಮುಂದೆ ಪಾಳೆಯ. ಅದೇ ರಾತ್ರಿ ಸುಲ್ತಾನ್‌ಪೇಟೆಯ ತೋಪಿನಲ್ಲಿ ಕತ್ತಲಿಗೂ ಟಿಪ್ಪುವಿನ ರಾಕೆಟ್ಟುಗಳಿಗೂ ಸಿಕ್ಕಿ ಆರ್ಥರ್ ವೆಲ್ಲೆಸ್ಲಿ ಹಿಮ್ಮೆಟ್ಟಿದ. ಮುಂದೆ ವಾಟರ್ಲೂನಲ್ಲಿ ನೆಪೋಲಿಯನ್ನನನ್ನು ಸೋಲಿಸಿದವನು ಇವನೇ. ಮರುದಿನ ಹಗಲಲ್ಲಿ ಬಂದು ತೋಪನ್ನು ಹಿಡಿದ. ಏಪ್ರಿಲ್ ಮಧ್ಯದಲ್ಲಿ ಉಗ್ರಾಣದ ಅಕ್ಕಿ ಅಳೆದು ನೋಡಿದರೆ ಕೆಲವೇ ವಾರಗಳಿಗೆ ಆಗುವಷ್ಟು. ಅತ್ತ ಕೊಡಗಿನಲ್ಲಿ ಮಳೆ ಬಿದ್ದರೆ ಹೊಳೆ ಏರುತ್ತದೆ, ಇತ್ತ ಅಕ್ಕಿ ಮುಗಿಯುತ್ತದೆ. ಕೋಟೆ ಬೀಳಬೇಕಾದರೆ ಈ ಎರಡರ ನಡುವೆಯೇ ಬೀಳಬೇಕು.

ಮೇ 3ರ ಹೊತ್ತಿಗೆ ಗೋಡೆಯಲ್ಲಿ ಹತ್ತಬಹುದಾದಷ್ಟು ಬಿರುಕು ಬಿತ್ತು. ಮೇ 4ರ ಮಧ್ಯಾಹ್ನ ಒಂದು ಗಂಟೆ ಕಳೆದ ಮೇಲೆ ನಾಲ್ಕು ಸಾವಿರಕ್ಕೂ ಹೆಚ್ಚು ಸಿಪಾಯಿಗಳು ತಾವು ತೋಡಿಕೊಂಡಿದ್ದ ಅಗಳಿನಿಂದ ಎದ್ದು ಹೊಳೆಗಿಳಿದರು. ರಾತ್ರಿಯಲ್ಲ, ಬೆಳಗಿನ ಜಾವವಲ್ಲ, ನೆತ್ತಿ ಸುಡುವ ಬಿಸಿಲು. ಯಾಕೆ ಆ ಹೊತ್ತು ಎಂದು ಗೈಡ್ ಮಕ್ಕಳನ್ನು ಕೇಳಿದರು. ಯಾರೂ ಹೇಳಲಿಲ್ಲ. ಹಿರಿಯರೇ ಹೇಳಿದರು: 'ಉಣ್ಣೋ ಹೊತ್ತಲ್ವಾ? ನಮ್ಮ ಹೊಲ್ದಲ್ಲೂ ಆ ಹೊತ್ತಿಗೆ ಯಾವನೂ ಮೇಲೇಳಕಿಲ್ಲ.' ಸರಿಯಾದ ಉತ್ತರ. ಕೋಟೆಯವರು ಊಟ ಮಾಡಿ ನೆರಳಿಗೆ ಒರಗುವ ಹೊತ್ತನ್ನೇ ಆರಿಸಿಕೊಂಡಿದ್ದರು. ಟಿಪ್ಪು ಸಹ ಉತ್ತರದ ಗೋಡೆಯ ಬಳಿ ಊಟಕ್ಕೆ ಕೂತಿದ್ದ. ನಂಬಿಕೆಯ ಸರದಾರ ಸೈಯದ್ ಗಫಾರ್ ಗುಂಡಿಗೆ ಬಲಿಯಾದ ಸುದ್ದಿ ಬಂದದ್ದು ಆಗಲೇ. ಹತ್ತು ನಿಮಿಷದೊಳಗೆ ಬಿರುಕಿನ ನೆತ್ತಿಯ ಮೇಲೆ ಇಂಗ್ಲಿಷ್ ಬಾವುಟ ಏರಿತ್ತು. ಅಲ್ಲಿಂದ ಪಡೆ ಎರಡಾಗಿ ಸೀಳಿ, ಒಂದು ಎಡಕ್ಕೆ, ಇನ್ನೊಂದು ಬಲಕ್ಕೆ, ಗೋಡೆಯ ಮೇಲೇ ಓಡಿತು.

ನಾವೂ ಎಡದ ಪಡೆಯ ಹಾದಿ ಹಿಡಿದೆವು. ಮುಳ್ಳುಪೊದೆ ಸರಿಸುತ್ತ, ಬಿದ್ದ ಕಲ್ಲು ದಾಟುತ್ತ ಹೋಗುವಾಗ ಒಂದು ಸಂಗತಿ ಕಣ್ಣಿಗೆ ಬಿತ್ತು: ಗೋಡೆ ಒಂದಲ್ಲ, ಒಂದರ ಹಿಂದೆ ಒಂದು, ನಡುವೆ ಕಂದಕ. ಹೊರಗೋಡೆ ಹೋದರೂ ಒಳಗೋಡೆ ಉಳಿಯಬೇಕಿತ್ತು. ಆದರೆ ಒಳಕಂದಕ ದಾಟಲು ಇಂಗ್ಲಿಷರಿಗೆ ಕೆಲಸಗಾರರು ಹಾಕಿಕೊಂಡಿದ್ದ ಹಲಗೆಯ ದಾರಿ ಸಿಕ್ಕಿಬಿಟ್ಟಿತು. ಪಠ್ಯಪುಸ್ತಕದಲ್ಲಿ 'ಕೋಟೆ ವಶವಾಯಿತು' ಎಂದು ಒಂದು ಸಾಲು ಓದಿದವರಿಗೆ ಈ ಕಂದಕದ ದಡದಲ್ಲಿ ನಿಂತಾಗಲೇ ಆ ಸಾಲಿನ ತೂಕ ತಿಳಿಯುವುದು.

ಮುಂದೆ ನೀರುಬಾಗಿಲು. ಎರಡೂ ಕಡೆಯ ಗುಂಡಿನ ನಡುವೆ, ಒಳಗೆ ನುಗ್ಗುವವರೂ ಹೊರಗೆ ಓಡುವವರೂ ಕಿಕ್ಕಿರಿದ ಸಂದಿಯಲ್ಲಿ ಟಿಪ್ಪು ಬಿದ್ದ. ಆಗ ಅವನೇ ಎಂದು ಯಾರಿಗೂ ಗೊತ್ತಾಗಲಿಲ್ಲ. ರಾತ್ರಿ ಪಂಜು ಹಿಡಿದು ಹೆಣಗಳ ರಾಶಿಯಲ್ಲಿ ಹುಡುಕಿ ತೆಗೆದರು. ದೇಹ ಸಿಕ್ಕ ಜಾಗದಲ್ಲಿ ಕಲ್ಲಿದೆ. ಮರುದಿನ ಗುಂಬಜ್‌ನಲ್ಲಿ ತಂದೆತಾಯಿಯ ಪಕ್ಕ ಮಣ್ಣು ಮಾಡುವಾಗ ಗುಡುಗು ಸಿಡಿಲಿನ ಮಳೆ ಬಂತು.

ಸೆರೆಮನೆ ಮತ್ತು ಚಿತ್ರ

ದಾಳಿಯ ಮುಂದಾಳು ಡೇವಿಡ್ ಬೇರ್ಡ್‌ಗೆ ಈ ಊರು ಹೊಸದಾಗಿರಲಿಲ್ಲ. 1780ರ ಸೆಪ್ಟೆಂಬರ್‌ನಲ್ಲಿ ಪೊಳ್ಳಿಲೂರಿನಲ್ಲಿ ಹೈದರ್ ಮತ್ತು ಟಿಪ್ಪು ಕರ್ನಲ್ ಬೈಲಿಯ ಪಡೆಯನ್ನು ಮಣ್ಣುಮುಕ್ಕಿಸಿದಾಗ ಸೆರೆಸಿಕ್ಕು, 1784ರವರೆಗೆ ಶ್ರೀರಂಗಪಟ್ಟಣದಲ್ಲೇ ಸರಪಳಿಯಲ್ಲಿದ್ದವನು ಅವನು. ಬೈಲಿ 1782ರಲ್ಲಿ ಸೆರೆಯಲ್ಲೇ ಸತ್ತ. ಅವನ ಹೆಸರಿನಲ್ಲಿ ಕರೆಯುವ ನೆಲಮಾಳಿಗೆ ಕೋಟೆಯ ಉತ್ತರದ ಗೋಡೆಗೆ ಅಂಟಿಕೊಂಡಿದೆ. ಮೆಟ್ಟಿಲಿಳಿದರೆ ಸುಣ್ಣ ಬಳಿದ ಕಮಾನು ಚಾವಣಿ, ಗೋಡೆಯುದ್ದಕ್ಕೂ ತೂತು ಕೊರೆದ ಕಲ್ಲು ಚಪ್ಪಡಿಗಳು. ಕೈದಿಗಳ ಸರಪಳಿಯನ್ನು ಆ ತೂತಿಗೆ ಪೋಣಿಸುತ್ತಿದ್ದರಂತೆ. ನಡುವೆ ನೆಲದ ಮೇಲೆ ಒಂದು ಫಿರಂಗಿ ಮಲಗಿದೆ. ಮುತ್ತಿಗೆಯ ಹೊತ್ತಿನಲ್ಲಿ ಮೇಲಿನ ಬತ್ತೇರಿಯಿಂದ ಚಾವಣಿ ಒಡೆದುಕೊಂಡು ಒಳಗೆ ಬಿದ್ದದ್ದು, ಇನ್ನೂ ಅಲ್ಲೇ ಇದೆ. ನಮ್ಮ ಹಿರಿಯರು ಅದರ ಮೈ ತಡವಿ, ಕೆಳಗೆ ಕೈ ಹಾಕಿ ಅಲುಗಿಸಲು ನೋಡಿದರು. ಅದು ಜಪ್ಪಯ್ಯ ಅನ್ನಲಿಲ್ಲ. 'ಇಂಥವುನ್ನ ಎಳೀಬೇಕಾದ್ರೆ ಒಂದ್ ಹಿಂಡೇ ಬೇಕು ಸಾ' ಅಂದರು.

ಮಧ್ಯಾಹ್ನ ದರಿಯಾ ದೌಲತ್. 1784ರ ಈ ತೇಗದ ಅರಮನೆಯ ಪಡುವಣ ಗೋಡೆಯ ತುಂಬ ಪೊಳ್ಳಿಲೂರಿನ ಯುದ್ಧದ ಚಿತ್ರವಿದೆ. ಜನ ಸಾಮಾನ್ಯವಾಗಿ ಅದರ ಮುಂದೆ ಎರಡು ನಿಮಿಷ ನಿಂತು ಸಾಗುತ್ತಾರೆ. ಗೈಡ್ ನಮ್ಮನ್ನು ಕಾಲು ಗಂಟೆ ನಿಲ್ಲಿಸಿದರು. ಚೌಕವಾಗಿ ಒತ್ತೊತ್ತಾಗಿ ನಿಂತ ಕೆಂಪು ಅಂಗಿಯವರು, ನಡುವೆ ಪಲ್ಲಕ್ಕಿಯಲ್ಲಿ ಬೆರಳು ಕಚ್ಚಿ ಕೂತ ಬೈಲಿ, ಪಕ್ಕದಲ್ಲಿ ಸಿಡಿಯುತ್ತಿರುವ ಮದ್ದಿನ ಬಂಡಿ. ಆ ಬಂಡಿ ಸಿಡಿದದ್ದೇ ಆ ದಿನದ ತಿರುವು. ತಾವು ಸೋತ ಯುದ್ಧದ ಈ ಚಿತ್ರವನ್ನು ಗೆದ್ದ ಮೇಲೆ ಇಂಗ್ಲಿಷರೇ ಉಳಿಸಿದರು ಅನ್ನುವುದು ವಿಚಿತ್ರ. 1799ರ ನಂತರ ಈ ಮನೆಯಲ್ಲಿ ವಾಸವಿದ್ದ ವೆಲ್ಲೆಸ್ಲಿ ಚಿತ್ರಗಳನ್ನು ಸರಿಪಡಿಸಿದ. ಮುಂದೆ ಲಾರ್ಡ್ ಡಾಲ್‌ಹೌಸಿ ಮತ್ತೆ ಬರೆಸಿದ.

'ಅರಮನೆ ಹೆಂಗಸರು ಏನಾದರು?' ಎಂದು ಸಂಘದವರೊಬ್ಬರು ಕೇಳಿದರು. ಟಿಪ್ಪುವಿನ ಕುಟುಂಬವನ್ನು ವೆಲ್ಲೂರಿನ ಕೋಟೆಗೆ ಸಾಗಿಸಿದರು. 1806ರಲ್ಲಿ ಅಲ್ಲಿ ಸಿಪಾಯಿಗಳ ದಂಗೆ ಎದ್ದ ಮೇಲೆ ದೂರದ ಕಲ್ಕತ್ತೆಗೆ ಕಳಿಸಿದರು. ಇತ್ತ 1799ರ ಜೂನ್ 30ರಂದು ಮೈಸೂರಿನಲ್ಲಿ ಐದು ವರ್ಷದ ಮುಮ್ಮಡಿ ಕೃಷ್ಣರಾಜ ಒಡೆಯರಿಗೆ ಪಟ್ಟವಾಯಿತು. ದಿವಾನ್ ಪೂರ್ಣಯ್ಯ ಆಡಳಿತ ಹಿಡಿದರು. ಶ್ರೀರಂಗಪಟ್ಟಣಕ್ಕೆ ರಾಜಧಾನಿಯ ಪಟ್ಟ ಅಲ್ಲಿಗೆ ಮುಗಿಯಿತು.

ಎತ್ತುಗಳಿಗೆ ಏನಾಯಿತು?

ಹಿರಿಯರ ಪ್ರಶ್ನೆಗೆ ಗೈಡ್ ಪೂರ್ತಿ ಉತ್ತರ ಕೊಟ್ಟದ್ದು ಸಂಗಮದಲ್ಲಿ, ಮುದ್ದೆ ಸಾರಿನ ಬುತ್ತಿ ಬಿಚ್ಚಿ ಕೂತಾಗ.

ಮೈಸೂರಿನ ದಂಡಿಗೆ ಹೆಸರು ತಂದದ್ದು ಅದರ ವೇಗ. ವೇಗಕ್ಕೆ ಕಾರಣ ಅಮೃತಮಹಲ್ ದನ. ಚಿಕ್ಕದೇವರಾಜ ಒಡೆಯರ ಕಾಲದಲ್ಲಿ 'ಬೆಣ್ಣೆ ಚಾವಡಿ' ಎಂದು ಶುರುವಾದ ಇಲಾಖೆ. ಅರಮನೆಗೆ ಹಾಲು ಬೆಣ್ಣೆ, ದಂಡಿಗೆ ಎತ್ತು. ಹೈದರ್ ಅದನ್ನು ಫಿರಂಗಿ ಎಳೆಯಲು ಬಳಸಿದ. ಚಿದಂಬರಂ ಕೋಟೆಯ ನೆರವಿಗೆ ಅವನ ದಂಡು ಎರಡೂವರೆ ದಿನದಲ್ಲಿ ನೂರು ಮೈಲಿ ನಡೆದದ್ದು ಈ ಎತ್ತುಗಳಿಂದ. ಟಿಪ್ಪು ಅದಕ್ಕೆ ಅಮೃತಮಹಲ್ ಎಂದು ಹೆಸರಿಟ್ಟು, ದನ ಸಾಕುವ ಬಗ್ಗೆ ಕಟ್ಟಳೆಗಳನ್ನೇ ಬರೆಸಿದ. ಮಳೆಗಾಲಕ್ಕೆ ಒಂದು, ಬೇಸಿಗೆಗೆ ಒಂದು ಎಂದು ಕಾವಲುಗಳನ್ನು ಗೊತ್ತು ಮಾಡಿದ್ದರು. ಅರಸೀಕೆರೆ, ತಿಪಟೂರು, ಚನ್ನರಾಯಪಟ್ಟಣದ ಸೀಮೆಯಲ್ಲಿ ಇವತ್ತೂ 'ಕಾವಲು' ಎಂದು ಪಹಣಿಯಲ್ಲಿ ಬರುವ ಎಷ್ಟೋ ಜಮೀನಿನ ಹಿಂದೆ ಈ ದನಗಳ ಕತೆ ಇದೆ.

ಕೋಟೆ ಬಿದ್ದ ಮೇಲೆ ಹಿಂಡುಗಳು ಗೆದ್ದವರ ಪಾಲಾದವು. 1803ರಲ್ಲಿ ವೆಲ್ಲೆಸ್ಲಿ ಮರಾಠರ ಮೇಲೆ ಏರಿಹೋದಾಗ ಅವನ ಬಂಡಿಗಳನ್ನು ಎಳೆದದ್ದು ಮೈಸೂರಿನ ಎತ್ತುಗಳೇ. ಆಮೇಲೆ ಸ್ಪೇನಿನ ಯುದ್ಧದಲ್ಲೂ ಅವನು ಈ ಎತ್ತುಗಳಿಲ್ಲವಲ್ಲ ಎಂದು ಕೊರಗುತ್ತಿದ್ದನಂತೆ. ಟಿಪ್ಪುವಿನ ಆಟದ ಹುಲಿ ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂ ಸೇರಿತು. ಅವನ ರಾಕೆಟ್ಟುಗಳು ಶಿವಮೊಗ್ಗ ಜಿಲ್ಲೆಯ ನಗರದ ಬಳಿಯ ಹಾಳುಬಾವಿಯೊಂದರಲ್ಲಿ 2018ರಲ್ಲಿ ಸಾವಿರದ ಲೆಕ್ಕದಲ್ಲಿ ಸಿಕ್ಕಿದಾಗ ಪತ್ರಿಕೆಗಳಲ್ಲಿ ದೊಡ್ಡ ಸುದ್ದಿಯಾಯಿತು. ಎತ್ತಿಗೆ ಎಲ್ಲಿಯೂ ಒಂದು ಕಲ್ಲಿಲ್ಲ. ಹಗ್ಗ ಹಿಡಿದು ಅವುಗಳ ಜೊತೆ ನಡೆದು, ರೋಗಕ್ಕೂ ಹಸಿವಿಗೂ ಸಿಕ್ಕಿ ಸತ್ತ ಆಳುಗಳಿಗೂ ಇಲ್ಲ.

ಊಟ ಮುಗಿಸಿ ಕೈ ತೊಳೆಯುವಾಗ ಗೈಡ್ ಇನ್ನೊಂದು ಮಾತು ಸೇರಿಸಿದರು. 'ಈ ನೀರಲ್ಲಿ ನಿಮ್ಮ ಹೇಮಾವತೀನೂ ಇದೆ. ಹೊಳೆನರಸೀಪುರ ದಾಟಿ ಬಂದು ಮೇಲೆ ಕಾವೇರಿಗೆ ಸೇರ್ಕೊಂಡಿದ್ದು.' 1799ರಲ್ಲಿ ಹ್ಯಾರಿಸ್ ಅಂಜಿದ್ದು ಕೊಡಗಿನ ಮಳೆಗೆ ಮಾತ್ರವಲ್ಲ, ಸಕಲೇಶಪುರದ ಮಳೆಗೂ. ಈಗ ಹೊಳೆ ಏರುವುದು ಇಳಿಯುವುದು ಕನ್ನಂಬಾಡಿ ಕಟ್ಟೆಯ ಗೇಟು ಎತ್ತುವವರ ಕೈಯಲ್ಲಿದೆ.

ಗೈಡ್‌ಗೆ ಹಾಕಿದ ಕಷ್ಟದ ಪ್ರಶ್ನೆ

ಯಾವ ಗೈಡ್‌ನ ಯೋಗ್ಯತೆಯೂ ತಿಳಿಯುವುದು ಜನರಿಗೆ ಬೇಕಾದದ್ದನ್ನು ಅವನು ಹೇಳುತ್ತಾನೋ, ಇದ್ದದ್ದನ್ನು ಹೇಳುತ್ತಾನೋ ಎಂಬುದರಲ್ಲಿ. ಟಿಪ್ಪುವಿನ ವಿಷಯದಲ್ಲಂತೂ ಇದು ಕತ್ತಿಯ ಮೇಲಿನ ನಡಿಗೆ. ಕೆಲವರಿಗೆ ಬರೀ ಹುಲಿ ಬೇಕು, ಕೆಲವರಿಗೆ ಬರೀ ಕ್ರೂರಿ ಬೇಕು.

ನಮ್ಮ ಗಾಡಿಯಲ್ಲೂ ಆ ಪ್ರಶ್ನೆ ಬಂತು. 'ಟಿಪ್ಪೂನ ಕೊಂದಿದ್ದು ಉರಿಗೌಡ, ನಂಜೇಗೌಡ ಅಂತಾರಲ್ಲ?' ಗೈಡ್ ಸುತ್ತುಬಳಸಲಿಲ್ಲ. ಆ ದಿನ ಕೋಟೆಯಲ್ಲಿದ್ದವರು ಬರೆದಿಟ್ಟದ್ದರಲ್ಲಿ ಆ ಹೆಸರುಗಳಿಲ್ಲ, ಇತಿಹಾಸಕಾರರು ಆಧಾರ ಕೇಳಿದಾಗ ಯಾರೂ ಕೊಡಲಿಲ್ಲ ಅಂದರು. 2023ರ ಮಾರ್ಚ್‌ನಲ್ಲಿ ಆ ಹೆಸರಿನ ಸಿನಿಮಾ ಘೋಷಣೆಯಾಗಿ, ಆದಿಚುಂಚನಗಿರಿ ಮಠದ ನಿರ್ಮಲಾನಂದನಾಥ ಸ್ವಾಮೀಜಿ ಬೇಡವೆಂದ ಮೇಲೆ ಅದನ್ನು ಕೈಬಿಟ್ಟದ್ದನ್ನೂ ನೆನಪಿಸಿದರು. ಬೆಳಿಗ್ಗೆ ನಾವು ಆ ಮಠದ ಹತ್ತಿರವೇ ಹಾದು ಬಂದಿದ್ದೆವು. ಟಿಪ್ಪುವಿನ ಮಂತ್ರಿ ಮೀರ್ ಸಾದಿಕ್ ಸಂಬಳ ಹಂಚುವ ನೆಪದಲ್ಲಿ ಕಾವಲಿನವರನ್ನು ಗೋಡೆಯಿಂದ ಇಳಿಸಿದನೆಂಬ ಮಾತು ಬಂದಾಗ, 'ಹಾಗೆ ಹೇಳ್ತಾರೆ. ಆದ್ರೆ ಬಿರುಕು ಬಿದ್ದದ್ದು ಫಿರಂಗಿಯಿಂದ, ಅದು ಕಣ್ಮುಂದೆ ಇದೆ' ಎಂದು ಗೆರೆ ಎಳೆದರು. ಕೊಡಗಿನವರಿಗೆ, ಮಂಗಳೂರಿನ ಕ್ರೈಸ್ತರಿಗೆ ಟಿಪ್ಪುವಿನ ಕಾಲ ಯಾಕೆ ಕಹಿ ನೆನಪು ಎಂಬುದನ್ನೂ ಮುಚ್ಚಿಡಲಿಲ್ಲ. ಎರಡು ಕಡೆಯವರನ್ನೂ ಮೆಚ್ಚಿಸಹೋಗದ 'ಆಧಾರ ಇದೆ, ಇಲ್ಲ' ಎಂಬ ಈ ಶಿಸ್ತು ಟಿವಿ ಚರ್ಚೆಗಳಲ್ಲಿ ಸಿಗುವಂಥದ್ದಲ್ಲ.

ಸಂಜೆ ಕೊನೆಯದಾಗಿ ನೋಡಿದ್ದು ಎರಡು ಜಾಗ. ಒಂದು, ರೈಲು ನಿಲ್ದಾಣದ ಬಳಿಯ ಟಿಪ್ಪುವಿನ ಮದ್ದಿನ ಮನೆ. ಮೈಸೂರು–ಬೆಂಗಳೂರು ಜೋಡಿಹಳಿಗೆ ಅಡ್ಡವಾಗಿದ್ದ ಆ ಕಟ್ಟಡವನ್ನು 2017ರಲ್ಲಿ ಬುಡಸಮೇತ ಎತ್ತಿ, ಜ್ಯಾಕುಗಳ ಮೇಲೆ ಜರುಗಿಸಿ, ನೂರು ಮೀಟರಿಗೂ ಆಚೆ ಇಟ್ಟಿದ್ದಾರೆ. ಇನ್ನೊಂದು, ಹೊಳೆದಂಡೆಯ ಗ್ಯಾರಿಸನ್ ಸ್ಮಶಾನ. ಸ್ವಿಟ್ಜರ್ಲೆಂಡಿನ ಡಿ ಮ್ಯೂರಾನ್ ರೆಜಿಮೆಂಟಿನವರ ಗೋರಿಗಳು ಇಲ್ಲಿವೆ. ಮೊದಲು ಸಿಲೋನಿನಲ್ಲಿ ಡಚ್ಚರಿಗೆ, ಆಮೇಲೆ ಇಂಗ್ಲಿಷರಿಗೆ ದುಡಿದ ಬಾಡಿಗೆ ಸಿಪಾಯಿಗಳು ಅವರು. ಗುಂಡಿಗೆ ಸತ್ತವರಿಗಿಂತ ಜ್ವರಕ್ಕೆ ಸತ್ತವರ ಗೋರಿಗಳೇ ಇಂಥ ಕಡೆ ಹೆಚ್ಚು. ಇಲ್ಲಿಯ ಜ್ವರದ ಕಾಟ ತಾಳಲಾರದೆ ಇಂಗ್ಲಿಷರು 1809ರಲ್ಲಿ ದಂಡನ್ನು ಬೆಂಗಳೂರಿಗೆ ಎತ್ತಿಕೊಂಡು ಹೋದರು. ಬೆಂಗಳೂರು ದಂಡುಪ್ರದೇಶ ಹುಟ್ಟಿದ್ದು ಹಾಗೆ. ಇವತ್ತಿನ ಬೆಂಗಳೂರು ಇಷ್ಟು ಬೆಳೆದದ್ದರಲ್ಲಿ ಶ್ರೀರಂಗಪಟ್ಟಣದ ಸೊಳ್ಳೆಯ ಪಾಲೂ ಇದೆ.

ಹೋಗುವವರಿಗೆ

ಏಪ್ರಿಲ್ ಕೊನೆ, ಮೇ ಮೊದಲಿಗೆ ಹೋದರೆ ಹೊಳೆ ಸಣ್ಣಗಿರುತ್ತದೆ, ಮುತ್ತಿಗೆಯ ಲೆಕ್ಕ ಕಣ್ಣಿಗೆ ಕಾಣುತ್ತದೆ. ಬಿಸಿಲಿಗೆ ಟೋಪಿ, ನೀರು ಇರಲಿ. ಹೊಳೆಗೆ ಮಾತ್ರ ಇಳಿಯಬೇಡಿ, ಕಟ್ಟೆಯಿಂದ ಯಾವಾಗ ನೀರು ಬಿಟ್ಟಾರೆಂದು ಹೇಳಲಾಗದು. ಕೋಟೆ ಗೋಡೆಯ ಮೇಲೆ ನಡೆಯಲು ಗಟ್ಟಿ ಚಪ್ಪಲಿ ಬೇಕು. ಬಿರುಕು, ನೀರುಬಾಗಿಲು, ಬೈಲಿ ಸೆರೆಮನೆ, ದರಿಯಾ ದೌಲತ್, ಗುಂಬಜ್, ಈ ಕ್ರಮದಲ್ಲಿ ನೋಡಿದರೆ ಕತೆ ಕಡಿಯುವುದಿಲ್ಲ. ಗೈಡ್ ಮಾಡುವಾಗ ಪ್ರವಾಸೋದ್ಯಮ ಇಲಾಖೆಯ ಗುರುತಿನ ಚೀಟಿ ಕೇಳಿ, ದುಡ್ಡು ಮೊದಲೇ ಮಾತಾಡಿಕೊಳ್ಳಿ. ಗಂಟೆ ಲೆಕ್ಕಕ್ಕಿಂತ ಇಡೀ ದಿನಕ್ಕೆ ಗೊತ್ತು ಮಾಡುವುದು ಒಳ್ಳೆಯದು; ಆತುರವಿಲ್ಲದ ಗೈಡ್ ಮಾತ್ರ ನಿಮ್ಮ ಪ್ರಶ್ನೆ ಕೇಳಿಸಿಕೊಳ್ಳುತ್ತಾನೆ.

ಶಾಲೆಗಳವರಿಗೂ ಒಂದು ಮಾತು. ಒಂದೇ ದಿನಕ್ಕೆ ಏಳೆಂಟು ಜಾಗ ತುರುಕಿ ಮಕ್ಕಳನ್ನು ಬಸ್ಸಿನಲ್ಲಿ ತೂಕಡಿಸುವಂತೆ ಮಾಡುವ ಬದಲು, ಒಂದು ದಿನ, ಒಂದು ಕೋಟೆ, ಒಬ್ಬ ಗೈಡ್ ಎಂದು ಇಟ್ಟುಕೊಳ್ಳಿ. ಗೈಡ್‌ಗೆ ಕೊಡುವ ಹಣ ಐಸ್‌ಕ್ರೀಮಿನ ಖರ್ಚಿಗಿಂತ ಹೆಚ್ಚಾಗುವುದಿಲ್ಲ. ಇಲಾಖೆಯವರು ಮನಸ್ಸು ಮಾಡಿದರೆ ಬಿರುಕಿನ ಬಳಿ, ಕಂದಕದ ಬಳಿ, ಚಿನಕುರಳಿಯಲ್ಲಿ ಕನ್ನಡದಲ್ಲಿ ಒಂದೊಂದು ನಕ್ಷೆಯ ಫಲಕ ನಿಲ್ಲಿಸುವುದೂ ದೊಡ್ಡ ಕೆಲಸವಲ್ಲ. ಅದರಲ್ಲಿ ಸುಲ್ತಾನ, ಜನರಲ್‌ಗಳ ಹೆಸರಿನ ಜೊತೆಗೆ ಎತ್ತು, ಲಂಬಾಣಿ, ಅಕ್ಕಿಯ ಲೆಕ್ಕವೂ ಇರಲಿ. ಹೊಲ ಉಳುವ ಮನೆಯಿಂದ ಬಂದ ಮಗುವಿಗೆ ಆ ಯುದ್ಧ ಅರ್ಥವಾಗುವುದು ಆ ಲೆಕ್ಕದಿಂದಲೇ.